ಗಚುಪೀನ್

ಗೆಳತಿ ಸುಮಾಳ ಆಫೀಸು ಬಾಥೆಲ್ ಎಂಬ ಊರಿನಲ್ಲಿದೆ. ಮಧ್ಯಾಹ್ನ ಅಲ್ಲಿನ ಪಾರ್ಕಿಂಗ್ ಲಾಟಿಗೆ ಬರುವ ಮೆಕ್ಸಿಕನ್ ಫುಡ್ ಟ್ರಕ್ ಮುಂದೆ ಸಾಲಿನಲ್ಲಿ ನಿಂತಿದ್ದೆವು. ಅವಳ ಸಹೋದ್ಯೋಗಿ ಪಾಬ್ಲೊ ತಾನು ಸ್ಪೇನಿನವನೆಂದು ಹೇಳಿದ್ದೇ ತಡ, ಮೆಕ್ಕೆಜೋಳದ ರೊಟ್ಟಿ ತಟ್ಟುತ್ತಿದ್ದ ಅಜ್ಜಿ “ಗಚುಪೀನ್!” ಎಂದು ನಕ್ಕರು. ಅವನ ಮುಖ ಕೆಂಪಾಯಿತು.

“ಸ್ಪೇನಿನವ್ರನ್ನ ಮೆಕ್ಸಿಕೋದಲ್ಲಿ ಹಾಗೆ ಬೈತಾರೆ ಕಣೇ,” ಸ್ಪ್ಯಾನಿಷ್ ಬಲ್ಲ ಸುಮಾ ಪಿಸುಗುಟ್ಟಿದಳು.

ಅಜ್ಜಿ ಕೈ ಒರೆಸಿಕೊಂಡು ಕೆಳಗಿಳಿದರು. ಅವರ ಮನೆಮಾತು ನಾವಾಟಲ್, ಸ್ಪೇನಿನವರು ಬರುವ ಮೊದಲೇ ಮೆಕ್ಸಿಕೋದಲ್ಲಿದ್ದ ಭಾಷೆ. ತಮ್ಮ ಹಿಮ್ಮಡಿ ಮುಟ್ಟಿ ತೋರಿಸುತ್ತ ಅವರು ಹೇಳಿದ್ದನ್ನು ಸುಮಾ ಕನ್ನಡಕ್ಕೆ ತಂದಳು:

“ಚಪ್ಪಲಿಯಿಂದ ಚುಚ್ಚೋನು ಅಂತ ಅರ್ಥವಂತೆ. ಕುದುರೆ ಓಡ್ಸೋಕೆ ಬೂಟಿನ ಹಿಮ್ಮಡಿಗೆ ಮುಳ್ಳು ಕಟ್ಕೊಂಡು ಬಂದ್ರಲ್ಲ, ಅದಕ್ಕೆ. ಇವ್ರ ಜನ ಅಲ್ಲೀವರೆಗೂ ಕುದುರೇನೇ ನೋಡಿರ್ಲಿಲ್ವಂತೆ.”

“ಅದೊಂದು ಮನೆತನದ ಹೆಸರು ಅಂತಾರೆ ನಮ್ಮಲ್ಲಿ,” ಎಂದ ಪಾಬ್ಲೊ.

“ಇರಬಹುದು,” ಎಂದರು ಅಜ್ಜಿ.

ಐನೂರು ವರ್ಷದ ಹಿಂದೆ ಯಾರೋ ಬೆರಗಿನಿಂದ ಕಂಡ ಒಂದು ಹಿಮ್ಮಡಿ ಈ ಅಜ್ಜಿಯ ಮಾತಿನಲ್ಲಿ ಇನ್ನೂ ಉಳಿದಿತ್ತು.

ಪಾಬ್ಲೊ, “ಆ ಪದವನ್ನು ನಿಮ್ಮ ಭಾಷೆಯಲ್ಲಿ ಹೇಗನ್ನಬೇಕು, ಹೇಳಿಕೊಡಿ,” ಎಂದ. ಎರಡು ಸಲ ತಡವರಿಸಿದ. ಮೂರನೆಯ ಸಲ ಅಜ್ಜಿ ತಲೆದೂಗಿ ಬಿಸಿ ರೊಟ್ಟಿಯೊಂದನ್ನು ಅವನ ಕೈಗಿಟ್ಟರು.