ಕಾಲುವೆಯಲ್ಲಿ ಹರಿದು ಹೋದ ಕೌದಿ

ನನ್ನ ತವರು ಗಜೇಂದ್ರಗಡ. ಅಲ್ಲಿ ನಮ್ಮ ಮನೆಯಲ್ಲಿ ದೇವರಿಗೆ ಭಾನುವಾರ ಮೀಸಲು. ಇಸ್ತ್ರಿ ಸೀರೆ, ತಲೆಯ ಮೇಲೆ ಸೆರಗು, ಚರ್ಚಿನಲ್ಲಿ ಗಂಭೀರ ಮುಖ. ಮನೆಗೆ ಬಂದು ಸೀರೆ ಮಡಚಿಟ್ಟರೆ ಭಕ್ತಿಯನ್ನೂ ಮಡಚಿಟ್ಟ ಹಾಗೆಯೇ.

ಮದುವೆಯಾಗಿ ನರಗುಂದಕ್ಕೆ ಬಂದೆ. ಇಲ್ಲಿ ನಮ್ಮ ಅತ್ತೆಗೆ ರೊಟ್ಟಿ ಬಡಿಯುವುದೂ ಆರಾಧನೆ, ಬಚ್ಚಲು ತಿಕ್ಕುವುದೂ ಆರಾಧನೆ. ನಾನು ಒಮ್ಮೆ ಸುಟ್ಟ ರೊಟ್ಟಿಯನ್ನು ಬುಟ್ಟಿಯ ತಳಕ್ಕೆ ಸರಿಸಿದ್ದು ಅವರ ಕಣ್ಣಿಗೆ ಬಿತ್ತು.

"ಕರ್ತನೇ ಉಣ್ಣಾಕ ಕುಂತಾನ ಅಂತ ತಿಳಕೊಂಡು ಮಾಡಬೇಕವಾ. ಅವಗ ಸುಟ್ಟದ್ದು ನೀಡ್ತೀಯೇನ?"

"ಕರ್ತನಿಗೆ ಬದನಿಕಾಯಿ ಪಲ್ಯ ಸೇರತೈತೇನ್ರಿ ಅತ್ತಿ?"

"ನಾ ಮಾಡಿದ್ದು ಸೇರತೈತಿ!" ಎಂದು ಅವರು ಹಿಟ್ಟಿನ ಕೈಯಿಂದಲೇ ನನ್ನ ಕೆನ್ನೆ ತಟ್ಟಿದರು.

ಹೋದ ವರ್ಷ ಮಾನವಮಿ ಹಬ್ಬ ಹತ್ತಿರ ಬಂದಿತ್ತು. ನಮ್ಮ ಕಡೆ ಯಾವ ದೇವರನ್ನು ನಂಬುವವರಾದರೂ ಹಬ್ಬಕ್ಕೆ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ಒಗೆಯಬೇಕು. ಪಕ್ಕದ ಮನೆಯಾಕೆಯ ಮಗಳು ಹಡೆದು ಬಾಣಂತಿಯಾಗಿದ್ದಳು. ಪಕ್ಕದ ಮನೆಯಾಕೆಗೆ ಮಗು, ಬಾಣಂತಿಯನ್ನು ಬಿಟ್ಟು ಅಲ್ಲಾಡಲು ಆಗುತ್ತಿರಲಿಲ್ಲ. "ನಿಮ್ಮ ಕೌದಿ ನಾವು ಒಗದು ತರ್ತೀವಿ" ಎಂದು ಅತ್ತೆ ಎಲ್ಲವನ್ನೂ ಹೊತ್ತು ತಂದರು. ಅದರಲ್ಲಿ ಒಂದು, ಆಕೆಯ ತೀರಿಹೋದ ತಾಯಿಯ ಇಳಕಲ್ ಸೀರೆಗಳನ್ನು ತುಂಡುಮಾಡಿ ಹೊಲಿದದ್ದು. "ಇದನ್ನಷ್ಟ ಜ್ವಾಕಿರಿ ಯಕ್ಕಾ" ಎಂದು ಆಕೆ ಎರಡು ಸಲ ಹೇಳಿದ್ದಳು.

ಕೌದಿಗಳನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಊರಾಚೆಯ ಕಾಲುವೆಗೆ ಹೋದೆವು. ನೀರು ತುಂಬಿ ಹರಿಯುತ್ತಿತ್ತು. ಅತ್ತೆ ಸೀರೆಗೆ ಕಚ್ಚೆ ಹಾಕಿ, ನೆನೆಸಿದ ಕೌದಿಯ ಮೇಲೆ ನಿಂತು ತುಳಿಯುತ್ತ ಸ್ತೋತ್ರ ಎತ್ತಿಕೊಂಡರು. ಹೆಜ್ಜೆ ಬೀಳುವಲ್ಲೇ ತಾಳ ಬೀಳುತ್ತಿತ್ತು. ನಾನೂ ಕೌದಿಯ ಮೇಲೆ ಹತ್ತಿದೆ. ಸೋಪಿನ ನೊರೆಯಲ್ಲಿ ಇಬ್ಬರಿಗೂ ಕಾಲು ಜಾರಿ, ಒಬ್ಬರನ್ನೊಬ್ಬರು ಹಿಡಿದುಕೊಂಡು, ಹಾಡು ಅರ್ಧಕ್ಕೇ ನಗೆಯಾಗಿ, ಮತ್ತೆ ಹಾಡು. ಚರ್ಚಿನಲ್ಲಿ ಅಷ್ಟು ವರ್ಷ ಕೂತರೂ ದೇವರು ಇಷ್ಟು ಹತ್ತಿರ ಇದ್ದಾನೆ ಎಂದು ನನಗೆ ಅನ್ನಿಸಿರಲಿಲ್ಲ.

ಆ ಸಡಗರದಲ್ಲಿ ಇಳಕಲ್ ಸೀರೆಯ ಕೌದಿಯನ್ನು ಜಾಲಾಡಿಸುತ್ತಿದ್ದಾಗ ಅದು ನೀರು ಕುಡಿದು ಭಾರವಾಗಿ ನಮ್ಮಿಬ್ಬರ ಕೈಯಿಂದ ಜಾರಿತು. ನೋಡನೋಡುತ್ತಲೇ ನಡು ಕಾಲುವೆಗೆ ಹೋಗಿ, ಕೆಂಪು ಹೊಟ್ಟೆ ಉಬ್ಬಿಸಿಕೊಂಡು ತೇಲತೊಡಗಿತು.

"ಯವ್ವಾ! ಬಾಣಂತಿ ಅಜ್ಜಿ ಕೌದಿ!" ಎಂದು ಚೀರಿ ಅತ್ತೆ ದಂಡೆಯ ಮೇಲೆ ಓಡಿದರು. ಮೊಣಕಾಲು ನೋವೆಂದು ನನ್ನಿಂದ ದಿನಾ ಎಣ್ಣೆ ತಿಕ್ಕಿಸಿಕೊಳ್ಳುವವರು! ನಾನು ಹಿಂದೆ, ಕೌದಿ ಮುಂದೆ. ಪಕ್ಕದ ಮನೆಯಾಕೆಗೆ ಯಾವ ಮುಖ ತೋರಿಸುವುದು? ಆದರೂ ಅತ್ತೆಯ ಕಚ್ಚೆ, ಬರಿಗಾಲು ನೋಡಿ, ನಡುನಡುವೆ "ಕರ್ತನೇ, ಹಿಡಿಯಪ್ಪಾ, ಹಿಡಿ!" ಎಂಬ ಕೂಗು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಮುಂದೆ ಕಾಲುವೆಯ ಸಣ್ಣ ಸೇತುವೆ. ಅದರ ಮೇಲೆ ಯಾವಗಲ್ ಊರಿನ ಕಡೆಯ ಟ್ರ್ಯಾಕ್ಟರ್ ಒಂದು ನಿಂತಿತ್ತು. ಡ್ರೈವರ್ ಗಾಬರಿಯಿಂದ ಕೆಳಗೆ ಜಿಗಿದ.

"ಏನ್ರಿ ಯಮ್ಮಾ, ಹೆಣ ಏನ್ರಿ ಅದು?"

"ಹೆಣ ಅಲ್ಲೋ ಯಪ್ಪಾ, ದೇವರ ಸೇವಾ ಹರಕೊಂಡು ಹೊಂಟೈತಿ! ಹಿಡೀರೋ!"

ಅವನಿಗೆ ಏನು ತಿಳಿಯಿತೋ! ಟ್ರೇಲರಿನಲ್ಲಿದ್ದ ಉದ್ದನೆಯ ಬಿದಿರು ಎಳೆದುಕೊಂಡು ಸೇತುವೆಯ ಮೇಲೆ ಬೋರಲು ಮಲಗಿ ನೀರಿಗೆ ಅಡ್ಡ ಹಿಡಿದ. ಕೌದಿ ಬಂದು ಬಿದಿರನ್ನು ತಬ್ಬಿಕೊಂಡಿತು. ಅವನ ಜೊತೆಗಾರ ಒಂದು ಕೈಯಿಂದ ಬಿದಿರು ಎಳೆಯುತ್ತ ಇನ್ನೊಂದರಲ್ಲಿ ಮೊಬೈಲ್ ಹಿಡಿದು ನಮ್ಮ ಓಟವನ್ನೆಲ್ಲ ವಿಡಿಯೊದಲ್ಲಿ ತುಂಬಿಕೊಳ್ಳುತ್ತಿದ್ದ. ನಾಲ್ವರೂ ಸೇರಿ ದಂಡೆಗೆ ಎಳೆದೆವು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಅತ್ತೆ ಕೌದಿಯ ಮೇಲೆಯೇ ದೊಪ್ಪನೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾವು ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿಯನ್ನು ಅವರಿಬ್ಬರೂ ಬೇಡ ಬೇಡ ಎನ್ನುತ್ತಲೇ ಖಾಲಿ ಮಾಡಿದರು.

ಕೌದಿ ಒಣಗಿಸಿಕೊಂಡು ಮನೆ ಹತ್ತಿರ ಬಂದೆವು. "ಖರೇ ಹೇಳಿಬಿಡೂಣು" ಎಂದು ಅತ್ತೆ ಮೆಲ್ಲಗೆ ಅಂದರು. ಆದರೆ ಪಕ್ಕದ ಮನೆಯಾಕೆ ಬಾಗಿಲಲ್ಲೇ ಮೊಬೈಲ್ ಹಿಡಿದು ನಿಂತಿದ್ದಳು.

"ನಿಮಗಿಂತ ಮೊದಲ ನಿಮ್ಮ ಓಟ ಊರಿಗೆ ಬಂದೈತ್ರಿ ಯಕ್ಕಾ!"

ಅತ್ತೆ ಆಕೆಯ ಕೈ ಹಿಡಿದುಕೊಂಡರು. "ತಪ್ಪಾತವಾ. ನಿಮ್ಮವ್ವನ ಸೀರಿ..."

"ಬಿಡ್ರಿ! ನಮ್ಮವ್ವ ಜೀವ ಇರೂತನ ಊರ ಅಗಸಿ ಬಾಗಿಲಾ ದಾಟಿದಾಕಿ ಅಲ್ಲ. ಒಂದೀಟು ತಿರುಗಾಡಿ ಬಂದ್ಲು!"

ಒಳಗಿನಿಂದ ಬಾಣಂತಿಯ ಕೂಗು: "ನಗಸಬ್ಯಾಡ್ರಿ, ಹೊಟ್ಟಿ ಹೊಲಿಗಿ ಜಗ್ಗತೈತಿ!" ಅದಕ್ಕೆ ಮತ್ತಷ್ಟು ನಗು. ಬಿಸಿಲಿನ ವಾಸನೆಯ ಆ ಕೌದಿಯನ್ನು ಮಡಚಿ ಹಾಸಿ ಮಗುವನ್ನು ಅದರ ಮೇಲೆ ಮಲಗಿಸಿದರು. ಅತ್ತೆ ಅದರ ಅಂಚು ಸರಿಮಾಡಿ, ಸುಕ್ಕು ತೆಗೆದು, ಇನ್ನೊಮ್ಮೆ ನೋಡಿಯೇ ಎದ್ದರು.

ಸಂಜೆ ಊಟಕ್ಕೆ ಮೊದಲು ನನ್ನ ಗಂಡ ಪ್ರಾರ್ಥನೆ ಶುರು ಮಾಡಿದರು. "ಕರ್ತನೇ, ಈ ದಿನ ನಮ್ಮ ಕೈಗಳ ಕೆಲಸವನ್ನು..." ಎನ್ನುವಷ್ಟರಲ್ಲಿ ನನ್ನ ಗಂಟಲಲ್ಲಿ ನಗು ಉಕ್ಕಿತು. ತುಟಿ ಕಚ್ಚಿಕೊಂಡೆ. ಪಕ್ಕದಲ್ಲಿ ಅತ್ತೆಯ ಭುಜವೂ ಕುಣಿಯುತ್ತಿತ್ತು. ಗಂಡ ಕಣ್ಣು ತೆರೆದು ನೋಡಿದರು, ಮತ್ತೆ ಶುರು ಮಾಡಿದರು, ಅವರಿಗೂ ಆಗಲಿಲ್ಲ.

"ಆಮೆನ್ ಅನ್ರಿ," ಎಂದರು ಅತ್ತೆ ಕಣ್ಣೊರೆಸಿಕೊಳ್ಳುತ್ತ. "ಉಳಿದಿದ್ದು ಅವಗ ಗೊತ್ತೈತಿ. ಲಗೂ ಉಣ್ರಿ, ರೊಟ್ಟಿ ಆರತಾವು."