ಅಕ್ಕೋರಿಗೆ ಸಿಗದ ಪ್ರಸಾದ

ಜೀವನದಾಗ ನಾ ಒಂದೇ ಒಂದು ಕಳವು ಮಾಡೇನಿ, ಅದೂ ಚರ್ಚಿನಾಗ. ಕಳವು ಅಂತ ಆವಾಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಮಾಡ್ತಿದ್ದೆ ಬಿಡ್ರಿ.

ತೊಂಬತ್ತರ ದಶಕದ ಕೊನಿಗೆ ಪುಣೆಯೊಳಗ ಒಬ್ಬ ನಗರಸೇವಕಿಯ, ಅಂದರ ಕಾರ್ಪೊರೇಟರ್ ಬಾಯಿಯ, ಆಫೀಸಿನಾಗ ಅರ್ಜಿ ಬರಿಯೂ ಕೆಲಸಕ್ಕಿದ್ದೆ. ನಾವು ವಿಜಾಪುರ ಕಡೆ ಲಿಂಗಾಯತರು, ಅವರು ಹುಬ್ಬಳ್ಳಿ ರೈಲ್ವೆ ಮನೆತನದ ಕ್ಯಾಥೊಲಿಕ್ ಕ್ರೈಸ್ತರು. ಮೊದಲ ಸಾಲ್ಯಾಗ ಕಲಸ್ತಿದ್ರು, ಅದಕ್ಕ ಎಲ್ಲಾರೂ ಮ್ಯಾಡಮ್ ಅಂದರೂ ನಾ ಅಕ್ಕೋರ ಅಂತಿದ್ದೆ. ಮಂದಿ ಜೋಡಿ ಮರಾಠಿ, ನನ್ನ ಜೋಡಿ ಕನ್ನಡ. ಬೈಯೂದಂತೂ ಅಚ್ಚ ಕನ್ನಡದಾಗ.

ಒಂದಿನ ಕಲಬುರ್ಗಿ ಕಡೆ ಹೆಣ್ಣಮಗಳೊಬ್ಬಳು ಆಫೀಸಿಗೆ ಬಂದಳು. ಕಟ್ಟಡದ ಕೆಲಸದಾಕಿ, ಸೀರಿ ತುಂಬ ಸಿಮೆಂಟು. ನಾಕು ಮಕ್ಕಳಿದ್ದವು, ಐದನೇದು ಹೊಟ್ಟ್ಯಾಗ. "ಇದನ್ನ ತೆಗಸಬೇಕ್ರೀ ಯವ್ವಾ, ಎಲ್ಲಿ ಹೋಗಲಿ?" ಅಂದಳು. ನಮ್ಮ ವಾರ್ಡಿನ ಹೆರಿಗೆ ದವಾಖಾನ್ಯಾಗ ಗರ್ಭಪಾತಕ್ಕಂತ ಒಂದು ಖೋಲಿ ಇತ್ತು. ಡಾಕ್ಟರಬಾಯಿ ವರ್ಗ ಆದಮ್ಯಾಲೆ ಕೀಲಿ ಹಾಕಿದ್ರು. ತಿರುಗಿ ತೆಗೀರಿ ಅಂತ ಅರ್ಜಿ ಬಂದಿತ್ತು, ಅಕ್ಕೋರು ಸಹಿ ಮಾಡದನ ಇಟಗೊಂಡಿದ್ರು. ಅವರ ಧರ್ಮದಾಗ ಅದು ಕೊಲಿ. "ಮುಂದಿನ ವಾರ ಬಾ ಅನ್ನು" ಅಂದ್ರು. ನಾನೂ ಹಂಗ ಹೇಳಿ ಕಳಿಸಿದೆ.

ಮುಂದಿನ ವಾರ ಆಕಿ ಗಂಡ ಬಂದ. ಭೋಸರಿ ಕಡೆ ಯಾವಾಕಿನೋ ಬಸರು ತೆಗ್ಯಾಕ ಕಡ್ಡಿ ಹಾಕಿದ್ಲಂತ. ಮೂರು ದಿನ ಜ್ವರದಾಗ ಬಿದ್ದು ಸತ್ತಳಂತ. ಹೆಣ ಊರಿಗೆ ಒಯ್ಯಾಕ ಗಾಡಿ ಕೊಡಸ್ರಿ ಅಂತ ಕೇಳಾಕ ಬಂದಿದ್ದ.

ಅಕ್ಕೋರು ಗಾಡಿ ಕೊಡಿಸಿ ಬಾಗಲಾ ಹಾಕ್ಕೊಂಡು ಕೂತ್ರು. ಮುಂದಿನ ಕಾರ್ಪೊರೇಷನ್ ಸಭಾದಾಗ ಎದ್ದು ನಿಂತು ಎಲ್ಲಾರ ಎದುರಿಗೆ ಅಂದ್ರು: "ನನ್ನ ಧರ್ಮ ಇದನ್ನ ಪಾಪ ಅಂತದ. ಆ ಧರ್ಮ ನನಗ ಬೇಕು. ಆದರ ಅದನ್ನ ಇನ್ನೊಬ್ಬಾಕಿ ಮ್ಯಾಲೆ ಹೇರೂದು ನನ್ನ ಕೆಲಸ ಅಲ್ಲ. ಖೋಲಿ ತೆಗೀರಿ." ಖೋಲಿ ತೆಗದ್ರು. ಪೇಪರಿನಾಗೂ ಬಂತು.

ಆ ರವಿವಾರ ಅವರ ಚರ್ಚಿನ ಫಾದರ್ ಅಕ್ಕೋರನ್ನ ಬಾಜೂಕ ಕರದು, "ಹೇಳಿದ್ದು ತಪ್ಪಾತು ಅಂತ ಬರದು ಕೊಡೂತನಕ ಪ್ರಸಾದದ ಸಾಲಿಗೆ ಬರಬ್ಯಾಡ್ರಿ" ಅಂದುಬಿಟ್ರು. ಪೂಜಾದಾಗ ಕೊಡತಾರಲ್ಲ ತೆಳ್ಳನ ಬಿಳಿ ಬಿಲ್ಲೆ, ಅವರ ಪಾಲಿಗೆ ಅದು ಸಾಕ್ಷಾತ್ ಯೇಸುವಿನ ಶರೀರ. ಅದು ಬಂದ್. ಅಕ್ಕೋರು ಆರು ವರ್ಷ ಕಡೀ ಬೆಂಚಿನ ಮ್ಯಾಲೆ ಕೂತ್ರು. ಎಲ್ಲಾರೂ ಎದ್ದು ಸಾಲಿಗೆ ಹೋದಾಗ ಇವರೊಬ್ಬರ ಕೂತಿರೂದು!

"ಯಾಕ ಹೋಗ್ತೀರಿ ಅಕ್ಕೋರ, ಮರ್ಯಾದಿ ಕಳಕೊಳ್ಳಾಕ?" ಅಂತ ಜಗಳಾ ತಗದೆ.

"ನಮ್ಮಪ್ಪನ ಮನಿ ಅದು. ಬಾಗಲದಾಗರ ಕೂಡಾಕ ಬಿಟ್ಟಾರಲ್ಲ" ಅಂದ್ರು.

ಆಮ್ಯಾಲೆ ಅಕ್ಕೋರು ಜಡ್ಡಿಗೆ ಬಿದ್ರು. ಡಾಕ್ಟರು ಕೈ ಚೆಲ್ಲಿದ್ರು. ಫಾದರ್ ಹೇಳಿ ಕಳಿಸಿದ್ರು, ಒಂದು ಸಾಲು ಬರದು ಕೊಟ್ಟರ ತಾನ ಪ್ರಸಾದ ತಗೊಂಡು ಬರ್ತೀನಿ ಅಂತ. ನಾನ ಕಾಗದ ಬರದು ಮುಂದ ಹಿಡದೆ. "ಸಹಿ ಮಾಡಿಬಿಡ್ರಿ, ನಿಮ್ಮ ಗಂಟೇನ ಹೋಗ್ತದ?"

"ಈ ಕಾಗದ ಹಿಡಕೊಂಡು ನಾಳೇನ ಖೋಲಿಗೆ ಕೀಲಿ ಹಾಕ್ತಾರ. ಮತ್ತ ಸುಳ್ಳು ಬರದು ತಗೊಂಡದ್ದು ನನ್ನ ಗಂಟಲದಾಗ ಇಳೀತದೇನ?" ಅಂದ್ರು. ಹಂಗಂದವರು ಗ್ವಾಡಿ ಕಡೆ ಮಾರಿ ತಿರಿವಿ ಅಳಾಕ ಹತ್ತಿದ್ರು. "ಒಂದ ಸಲ ಸಿಕ್ಕಿದ್ರ ಸಾಕಿತ್ತು."

ನನಗ ತಡಕೊಳ್ಳಾಕ ಆಗಲಿಲ್ಲ. ನಮ್ಮಲ್ಲಿ ಗುಡಿಗೆ ಬರಾಕ ಆಗದವರಿಗೆ ಯಾರಾದರೂ ಪ್ರಸಾದ ಕಟಗೊಂಡು ಬರ್ತಾರ, ಅದರಾಗೇನ ದೊಡ್ಡ ಮಾತು? ರವಿವಾರ ತಲಿತುಂಬ ಸೆರಗು ಹೊತ್ತು ಚರ್ಚಿಗೆ ಹೋದೆ. ನನ್ನ ಗುರುತಿರದ ಮುದುಕ ಫಾದರ್ ಕೊಡೂ ಸಾಲಿನಾಗ ನಿಂತೆ. ಮುಂದಿನಾಕಿ ಕೈ ಚಾಚಿದಳು, ನಾನೂ ಚಾಚಿದೆ. ಸಿಕ್ಕ ಬಿಲ್ಲೆ ಕರವಸ್ತ್ರದಾಗ ಸುತ್ತಿ ರಿಕ್ಷಾ ಹತ್ತಿದೆ. ಅದನ್ನ ಅಲ್ಲೇ ಬಾಯಾಗ ಹಾಕ್ಕೋಬೇಕು, ಹೊರಗ ಒಯ್ಯಬಾರದು ಅಂತ ಆಮ್ಯಾಲೆ ಗೊತ್ತಾತು.

ಕರವಸ್ತ್ರ ಬಿಚ್ಚಿದ ಕೂಡಲೇ ಅಕ್ಕೋರು ಏಳಾಕ ಹೋದ್ರು. ಎದಿ ಮ್ಯಾಲೆ ಶಿಲುಬಿ ಗುರುತು ಹಾಕ್ಕೊಂಡ್ರು. ಹೆಂಗ ತಂದೆ ಅಂತ ಹೇಳಿದೆ. ಅವರ ಕೈ ಬಿಲ್ಲೆತನಕ ಬಂತು, ಅಲ್ಲೇ ನಿಂತಿತು.

"ಒಯ್ದು ಫಾದರ್ ಕೈಯಾಗ ಕೊಟ್ಟು ಬಾ. ದಾರ್ಯಾಗ ಎಲ್ಲೂ ನಿಂದರಬ್ಯಾಡ."

"ತಗೋರೀ! ಇಲ್ಲಿ ಯಾರು ನೋಡ್ತಾರ?" ಅಂತ ಚೀರಿದೆ.

"ಕೊಟ್ಟಿದ್ರ ತಗೋತಿದ್ದೆ" ಅಂದ್ರು.

ಅಕ್ಕೋರಿಗೆ ಪ್ರಸಾದ ಬಂದ್ ಮಾಡಿದ ಫಾದರ್ರೇ ಚರ್ಚಿನ ಮೆಟ್ಟಲ ಮ್ಯಾಲೆ ಸಿಕ್ಕರು. ನಡದದ್ದು ಹೇಳಿದೆ. ಅವರ ಮಾರಿ ಬೆಳ್ಳಗಾತು. ಎರಡೂ ಕೈಲೆ ಇಸಗೊಂಡು, ಬಿಲ್ಲೆ ತಮ್ಮ ಬಾಯಾಗ ಹಾಕ್ಕೊಂಡು ಕಣ್ಣು ಮುಚ್ಚಿದ್ರು. ಆಮ್ಯಾಲೆ ಕೇಳಿದ್ರು, "ಚೂರು ಎಲ್ಲೆರ ಬಿದ್ದಾವೇನು? ರಿಕ್ಷಾದಾಗ? ಆ ಮನ್ಯಾಗ?" ಮೂರು ಸಲ ಕೇಳಿದ್ರು. ಕರವಸ್ತ್ರ ತಾವ ತೊಳೀಬೇಕು ಅಂತ ಇಟಗೊಂಡ್ರು. ಇನ್ನೇನರ ಕೇಳ್ತಾರ ಅಂತ ನಾ ನಿಂತೆ. ಒಳಗ ಹೋಗಿಬಿಟ್ರು, ಕಲ್ಲೆದಿ ಮನಿಷಾ!

ನಾ ತಿರುಗಿ ಬಂದಾಗ ಅಕ್ಕೋರು ಎಚ್ಚರಿದ್ರು. "ತಗೊಂಡ್ರೇನು?"

"ತಗೊಂಡ್ರಿ."

"ನನ್ನ ಸುದ್ದಿ ಏನರ ಕೇಳಿದ್ರೇನು?"

"ಕೇಳಿದ್ರಿ. ಭಾಳ ಕೇಳಿದ್ರು. ನಾಳೆ ಬರ್ತೀನಿ ಅಂದಾರ."

ಮರುದಿನ ಮುಂಜಾನೆ ಹಾಸಿಗಿ ಬದಲಸು ಅಂದ್ರು, ತಲಿ ಹಿಕ್ಕು ಅಂದ್ರು, ಮುಂಬಾಗಲಾ ತೆರದಿಡು ಅಂದ್ರು. ಸಂಜೀತನಕ ಅತ್ತಾಗ ನೋಡಕೋತ ಮಲಗಿದ್ರು. ಅದರ ಮರುದಿನಾನೂ. ನಾ ಹೇಳಿದ್ದು ಸುಳ್ಳು ಅನ್ನಾಕ ನನಗ ಬಾಯಿ ಬರಲಿಲ್ಲ. ಮೂರನೇ ದಿನ ಹೋಗಿಬಿಟ್ರು, ಬಾಗಲಾ ನೋಡಕೋತ.