ಸರ್ವೆ ಗೂಟ

ಮಳೆಗಾಲಕ್ಕೆ ಮೊದಲು ರಸ್ತೆ ಅಗಲೀಕರಣದ ಸರ್ವೆಗೆಂದು ಬೆಳ್ಮಣ್ಣಿಗೆ ಹೋಗಿದ್ದೆ. ಗುರುತಿನ ಗೂಟ ಒಂದು ಕಡಿಮೆ ಬಿತ್ತು. ಅಲ್ಲಿನ ಅಜ್ಜಿಯೊಬ್ಬರು ಬೇಲಿ ಬದಿಗೆ ಕಡಿದು ಹಾಕಿದ್ದ ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ, ಗೆಲ್ಲನ್ನೇ ಚೂಪು ಮಾಡಿ, ಕೆಂಪು ಬಣ್ಣ ಬಳಿದು, ಅವರ ಬೇಲಿಯ ಪಕ್ಕದಲ್ಲೇ ನೆಲಕ್ಕೆ ಸುತ್ತಿಗೆಯಿಂದ ಬಡಿದೆ.

ಮಳೆ ನಿಂತ ಮೇಲೆ ಹೋದರೆ ಗೂಟ ಕಾಣಲಿಲ್ಲ.

"ಅಮ್ಮಾ, ಸರ್ವೆ ಗೂಟ ಕಿತ್ತರೆ ಕೇಸಾಗ್ತದೆ, ಗೊತ್ತುಂಟಾ?" ಎಂದು ಅಜ್ಜಿಗೆ ಜೋರು ಮಾಡಿದೆ.

"ಕಿತ್ತದ್ದು ಯಾರು ಮಾರಾಯ್ರೆ? ಅಲ್ಲೇ ಉಂಟಲ್ಲ. ಸ್ವಲ್ಪ ಮೇಲೆ ನೋಡಿ."

ಗೂಟ ನನ್ನ ತಲೆಗಿಂತ ಎತ್ತರ ಚಿಗುರಿ ನಿಂತಿತ್ತು. ಬುಡದಲ್ಲಿ ನನ್ನದೇ ಕೆಂಪು ಬಣ್ಣ. ಬೇರಿಲ್ಲದ, ಏಟು ತಿಂದ ಕೋಲಿನೊಳಗೆ ಇಷ್ಟೊಂದು ಎಲೆ ಎಲ್ಲಿ ಅಡಗಿತ್ತೋ. ಜಗಳಕ್ಕೆ ಬಂದವನು ಚಿಗುರು ಸವರುತ್ತಾ ನಿಂತುಬಿಟ್ಟೆ.

ಕಡಿಯುವ ಮರಗಳ ಪಟ್ಟಿಯಲ್ಲಿ ಅದನ್ನು ಬರೆಯಲಿಲ್ಲ. ದಾಖಲೆಯಲ್ಲಿ ಅದು ಸರ್ವೆ ಗೂಟ. ಕಿತ್ತರೆ ಕೇಸಾಗ್ತದೆ.